ಹಾಪ್ ನೀರು ಕಹಿ ಆಗ್ತದೆ, ಘಮ ಮಾತ್ರ ಬರಲ್ಲ. ಏನು ಮಾಡಬೇಕು?

ಬಳ್ಳಾರಿ ಬಿಸಿಲಿಗೆ ಅಂತ ಮನೆಯಲ್ಲೇ ಆಲ್ಕೋಹಾಲ್ ಇಲ್ಲದ ಹಾಪ್ ನೀರು ಮಾಡ್ತಿದ್ದೀರಿ, ಬೋರ್ ನೀರಲ್ಲಿ ಹಾಪ್ಸ್ (ಬಿಯರಿಗೆ ಹಾಕೋ ಬಳ್ಳಿಯ ಹೂ) ಕುದಿಸಿ ಸೋಸಿದರೆ ಬರೀ ಕಹಿ, ಬಿಯರಿನಲ್ಲಿರೋ ಹಣ್ಣಿನ ಘಮ ಇಲ್ಲ ಅಂತ ಕೇಳಿದ್ದೀರಿ.

ಮೊದಲು ಹಾಪ್ಸ್ ಕುದಿಸೋದನ್ನ ಬಿಡಿ. ಹಾಪ್ಸ್‌ನಲ್ಲಿ ಘಮ ಕೊಡೋದು ಎಣ್ಣೆ, ಕಹಿ ಕೊಡೋದು ಆಲ್ಫಾ ಆಮ್ಲ. ಮಿರ್ಸೀನ್, ಲಿನಲೂಲ್‌ನಂಥ ಎಣ್ಣೆಗಳು ಹಬೆಯ ಜೊತೆ ಹಾರಿಹೋಗ್ತವೆ. ಅಡುಗೆಮನೆ ತುಂಬ ಘಮ್ ಅಂದರೆ ಅಷ್ಟೂ ಗ್ಲಾಸಿಗೆ ಬರದೆ ಹೋದದ್ದೇ. ಇತ್ತ 80 ಡಿಗ್ರಿ ದಾಟಿದರೆ ಆಲ್ಫಾ ಆಮ್ಲ ರೂಪ ಬದಲಿಸಿ ನೀರಿಗೆ ಚೆನ್ನಾಗಿ ಇಳೀತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಹಾಕ್ತೀವಲ್ಲ, ಹಾಪ್ಸ್ ಕೂಡ ಹಾಗೇ, ತಣ್ಣಗಾದ ಮೇಲೇ ಬೀಳಬೇಕು.

ಎರಡನೇ ಕಾರಣ ನೀರು. ನಮ್ಮ ಕಡೆ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಇಂಥ ಕ್ಷಾರದ ನೀರು ಹಾಪ್ಸ್‌ನ ಒಗರು, ಕಹಿ ಎರಡನ್ನೂ ಎಳೆದುಕೊಳ್ತದೆ, ಹಾಕಿದ ಹುಳಿಯನ್ನೂ ನುಂಗಿಬಿಡ್ತದೆ. ತಣ್ಣೀರಲ್ಲಿ ನೆನೆಸಿದರೂ ನಾಲಿಗೆ ಒರಟಾಗ್ತದೆ ಅನ್ನೋವರಲ್ಲಿ ಹೆಚ್ಚಿನವರ ತೊಂದರೆ ಇದೇ. ಆರ್‌ಓ ನೀರು ತಗೊಳ್ಳಿ, ಹಾಪ್ಸ್ ಹಾಕೋ ಮುಂಚೆಯೇ ಹುಳಿ ಸೇರಿಸಿ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 10 ಗ್ರಾಂ ಅನ್ನು ಕರಗಿಸಿ ಒಟ್ಟು 500 ಎಂಎಲ್ ದ್ರಾವಣ ಮಾಡಿಟ್ಟರೆ, ಅದರ 10 ಎಂಎಲ್ ಒಂದು ಲೀಟರಿಗೆ ಸಾಕು. ಹುಳಿ ಅಳೆಯೋ ಪಿಎಚ್ ಪಟ್ಟಿ ಅದ್ದಿ ನೋಡಿ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ): 3.5ರಿಂದ 4ರ ಒಳಗಿರಬೇಕು. ಇದು ರುಚಿಗಷ್ಟೇ ಅಲ್ಲ. ಆಲ್ಕೋಹಾಲ್ ಇಲ್ಲದ ನೀರಿನಲ್ಲಿ ಪಿಎಚ್ 4.6ಕ್ಕಿಂತ ಮೇಲಿದ್ದರೆ ಅಪಾಯದ ಬ್ಯಾಕ್ಟೀರಿಯಾ ಬೆಳೆಯಬಹುದು. ನಿಂಬೆರಸವೂ ಆಗ್ತದೆ, ಆದರೆ ಅದರ ವಾಸನೆ ಹಾಪ್ಸ್ ಘಮವನ್ನ ಮುಚ್ಚಿಬಿಡ್ತದೆ.

ಈಗ ನೆನೆಸೋದು. ನೀರನ್ನ ಕುದಿಸಿ, ಮುಚ್ಚಿಟ್ಟು ಪೂರ್ತಿ ಆರಿಸಿ, ಹುಳಿ ಬೆರೆಸಿ, ಬಿಸಿನೀರಲ್ಲಿ ತೊಳೆದ ಗಾಜಿನ ಜಾಡಿಗೆ ಕಂಠದವರೆಗೆ ತುಂಬಿ. ಲೀಟರಿಗೆ 3 ಗ್ರಾಂ ಹಾಪ್ ಗುಳಿಗೆ (ಪುಡಿ ಮಾಡಿ ಒತ್ತಿದ ಹಾಪ್ಸ್) ಹಾಕಿ ಫ್ರಿಜ್ಜಿನಲ್ಲಿ 24 ತಾಸು ಇಡಿ, ನಡುವೆ ಎರಡು ಸಲ ಮೆಲ್ಲಗೆ ಅಲ್ಲಾಡಿಸಿ. ಗುಳಿಗೆಯನ್ನ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಬೇಡಿ; ಅದು ಉಬ್ಬಿ ಉಂಡೆಯಾಗ್ತದೆ, ಒಳಗಿನದು ನೆನೆಯೋದೇ ಇಲ್ಲ. 3 ಗ್ರಾಂ ಸಾಲದು ಅಂತ ದುಪ್ಪಟ್ಟು ಹಾಕಿದರೆ ಘಮಕ್ಕಿಂತ ಹುಲ್ಲಿನ ವಾಸನೆ ಮುಂದೆ ಬರ್ತದೆ. ಪ್ಲಾಸ್ಟಿಕ್ ಬಾಟಲಿ ಬೇಡ, ಎಣ್ಣೆಯನ್ನ ಅದೇ ಹೀರಿಕೊಳ್ತದೆ.

ಸೋಸೋದರಲ್ಲಿ ಅವಸರ ಬೇಡ: ಮೊದಲು ಸ್ಟೀಲ್ ಜರಡಿ, ಆಮೇಲೆ ಕಾಫಿ ಫಿಲ್ಟರ್ ಪೇಪರ್. ಸಣ್ಣ ಪುಡಿ ಉಳಿದರೆ ಆಮೇಲೆ ಮಷೀನಿನಲ್ಲಿ ಸೋಡಾದ ಹಾಗೆ ಗ್ಯಾಸ್ ತುಂಬುವಾಗ ಪ್ರತಿ ಕಣದ ಮೇಲೂ ಗುಳ್ಳೆ ಎದ್ದು ಬಾಟಲಿ ಉಕ್ಕಿ ಚೆಲ್ತದೆ. ಗ್ಯಾಸ್ ಮಷೀನ್ ಇಲ್ಲ ಅಂದರೆ ಲೀಟರಿಗೆ 8 ಗ್ರಾಂ ಹಾಪ್ಸ್, 20 ಎಂಎಲ್ ಹುಳಿ ದ್ರಾವಣ ಹಾಕಿ ಗಟ್ಟಿಯಾಗಿ ಮಾಡಿಕೊಳ್ಳಿ. ಕುಡಿಯುವಾಗ ಒಂದು ಪಾಲಿಗೆ ಎರಡು ಪಾಲು ತಣ್ಣನೆಯ ಸೋಡಾ. ಸೋಡಾದ ಲೇಬಲ್ಲಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಇದ್ದರೆ ಬೇರೆ ತಗೊಳ್ಳಿ. ಫ್ರಿಜ್ಜಿನಲ್ಲೇ ಇಟ್ಟು ಮೂರು ದಿನದಲ್ಲಿ ಕುಡಿದು ಮುಗಿಸಿ.

ಇಷ್ಟೆಲ್ಲ ಸರಿ ಮಾಡಿದರೂ ಹಳೇ ಹಾಪ್ಸ್‌ನಿಂದ ಘಮ ಬರಲ್ಲ. ಈ ಬಳ್ಳಿ ತಂಪು ಸೀಮೆಯದು, ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಬೆಳೀತಾರೆ. 40 ಡಿಗ್ರಿ ದಾಟೋ ಏಪ್ರಿಲ್, ಮೇನಲ್ಲಿ ಕೊರಿಯರ್ ಗಾಡಿಯೊಳಗೆ ಕಾದು ಬಂದ ಪೊಟ್ಟಣದಲ್ಲಿ ಹೆಚ್ಚೇನೂ ಉಳಿದಿರಲ್ಲ. ಡಿಸೆಂಬರ್, ಜನವರಿಯಲ್ಲಿ ತರಿಸಿ, ಗಾಳಿ ತೆಗೆದು ಮುಚ್ಚಿ ಫ್ರೀಜರಿನಲ್ಲಿಡಿ. ತೆರೆದಾಗ ಹಳೇ ಚೀಸ್ ವಾಸನೆ ಬಂದರೆ ಎಸೆದುಬಿಡಿ. ಹಣ್ಣಿನ ಘಮ ಬೇಕಾದ್ದರಿಂದ ಸಿಟ್ರಾ ಅಥವಾ ಮೊಸಾಯಿಕ್ ತಳಿಯ ಹಾಪ್ಸ್ ತಗೊಳ್ಳಿ. ಚೆಕ್ ದೇಶದ ಸಾಝ್ ಒಳ್ಳೆಯದೇ, ಆದರೆ ಅದು ಮಸಾಲೆಯ ಕಡೆ ವಾಲ್ತದೆ.

ಸೋಸಿದ ಚರಟವನ್ನ ಓಣಿಯ ನಾಯಿಗಳಿಗೆ ಸಿಗೋ ಹಾಗೆ ಚೆಲ್ಲಬೇಡಿ. ಹಾಪ್ಸ್ ನಾಯಿಗೆ ವಿಷ, ತಿಂದರೆ ಮೈಬಿಸಿ ಏರಿ ಸಾಯಲೂಬಹುದು. ಗುಂಡಿ ತೋಡಿ ಮಣ್ಣು ಮುಚ್ಚಿ.