ಎಲೆ ಮೇಲೆ ಕಪ್ಪು, ಕಾಂಡದಲ್ಲಿ ಇರುವೆ ಸಾಲು

ಪ್ರಶ್ನೆ: ಮಾವು, ಪೇರಲ ಮರಗಳ ಎಲೆಗಳೆಲ್ಲ ಮಸಿ ಹಿಡಿದು ಅಂಟಂಟಾಗಿವೆ. ಎರಡು ಸಲ ಶಿಲೀಂಧ್ರನಾಶಕ ಹೊಡೆದರೂ ಮತ್ತೆ ಬಂತು. ಕಾಂಡದ ಮೇಲೆ ಇರುವೆಗಳೂ ಹತ್ತಿಳಿಯುತ್ತಿವೆ. ಪರಿಹಾರವೇನು?

ಉತ್ತರ: ಶಿಲೀಂಧ್ರನಾಶಕ ನಿಲ್ಲಿಸಿ. ಒದ್ದೆ ಬಟ್ಟೆಯಲ್ಲಿ ಒಂದು ಎಲೆ ಒರೆಸಿ ನೋಡಿ, ಕಪ್ಪು ಹೋಗಿ ಹಸಿರು ಕಾಣುತ್ತದೆ. ಅದು ಎಲೆಯ ರೋಗವಲ್ಲ, ರಸ ಹೀರುವ ಕೀಟಗಳು ಉದುರಿಸಿದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಅಂಟು ಮೇಲಿನಿಂದ ಬೀಳುವುದರಿಂದ ಕೀಟಗಳನ್ನು ಕಪ್ಪಾದ ಎಲೆಯಲ್ಲಲ್ಲ, ಅದರ ಮೇಲಿನ ಕೊಂಬೆಯಲ್ಲಿ, ಎಲೆಗಳ ಅಡಿಯಲ್ಲಿ ಹುಡುಕಬೇಕು. ಬಿಳಿ ಮೇಣ ಹೊದ್ದು ಗುಂಪುಗೂಡಿದ್ದರೆ ಹಿಟ್ಟು ತಿಗಣೆ. ಚಿಪ್ಪಿನಂತೆ ಅಂಟಿಕೊಂಡಿದ್ದರೆ ಶಲ್ಕ ಕೀಟ. ಕೊಂಬೆ ಅಲುಗಿಸಿದೊಡನೆ ಬೆಳ್ಳಗೆ ಹಾರಿದರೆ ಬಿಳಿನೊಣ.

ಎಲೆಯಲ್ಲಿ ತಯಾರಾದ ಆಹಾರವನ್ನು ಮರದೊಳಗೆ ಸಾಗಿಸುವ ನಾಳದ ರಸದಲ್ಲಿ ಸಕ್ಕರೆ ಹೇರಳ, ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲ ಕಡಿಮೆ. ಬೆಳೆಯಲು ಬೇಕಾದಷ್ಟು ಅಮೈನೋ ಆಮ್ಲ ಸಿಗಬೇಕಾದರೆ ಕೀಟ ವಿಪರೀತ ರಸ ಹೀರಲೇಬೇಕು. ಮಿಕ್ಕ ಸಕ್ಕರೆ ನೀರನ್ನು ಹೊರಹಾಕುತ್ತದೆ. ಚಿಗುರು ಮುದುಡುವುದು, ಹೂವು ಪೀಚು ಉದುರುವುದು ಹೀಗೆ ರಸ ಕಳೆದುಕೊಳ್ಳುವುದರಿಂದಲೇ. ಬೂಷ್ಟು ಬಿಸಿಲನ್ನೂ ತಡೆಯುವುದರಿಂದ ಮರಕ್ಕೆ ಎರಡು ಕಡೆಯಿಂದ ಪೆಟ್ಟು. ಯೂರಿಯಾ ಹೆಚ್ಚಾದರೆ ಮೆತ್ತನೆ ಚಿಗುರು ಬಂದು ಕೀಟವೂ ಹೆಚ್ಚುತ್ತದೆ.

ಮೊದಲು ಇರುವೆ ತಡೆಯಿರಿ. ಅಂಟಿನಾಸೆಗೆ ಬರುವ ಅವು ಕೀಟಗಳನ್ನು ತಿನ್ನಲು ಬರುವ ಶತ್ರುಗಳನ್ನು ಓಡಿಸುತ್ತವೆ. ಕಾಂಡದ ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿ, ನೆಲದಿಂದ ಒಂದೆರಡು ಅಡಿ ಮೇಲೆ 25–30 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ಅಂಚನ್ನು ಹುರಿಯಿಂದ ಬಿಗಿಯಿರಿ. ಗ್ರೀಸನ್ನು ಹಾಳೆಗೆ ಮಾತ್ರ ಬಳಿಯಿರಿ, ತೊಗಟೆಗೆ ತಾಗಿಸಬೇಡಿ. ನೆಲಕ್ಕೋ ಪಕ್ಕದ ಗಿಡಕ್ಕೋ ತಾಗುವ ಒಂದು ರೆಂಬೆ ಉಳಿದರೂ ಇಷ್ಟೆಲ್ಲ ಶ್ರಮ ವ್ಯರ್ಥ, ಇರುವೆ ಆ ದಾರಿ ಹಿಡಿಯುತ್ತದೆ.

ಕೀಟ ಹೆಚ್ಚಿದ್ದ ರೆಂಬೆಗಳನ್ನು ಕತ್ತರಿಸಿ ನಾಶಮಾಡಿ. ಉಳಿದುದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ. ಮೊದಲು ಸ್ವಲ್ಪ ನೀರಿನಲ್ಲಿ ಮೆದು ಸೋಪು ಕರಗಿಸಿ, ಅದಕ್ಕೆ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವವರೆಗೆ ಕಲಕಿ, ಆಮೇಲೆ ಉಳಿದ ನೀರು ಬೆರೆಸಿ. ಎಣ್ಣೆ ತೇಲಿದರೆ ಟ್ಯಾಂಕಿನ ಕೊನೆಯ ದ್ರಾವಣ ಎಲೆಯನ್ನು ಸುಡುತ್ತದೆ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಒಂದು ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ, ಆಮೇಲೆ ಸಂಜೆ ಹೊತ್ತು ಎಲೆಯ ಅಡಿ ತೋಯುವಂತೆ ಸಿಂಪಡಿಸಿ. ತಾಗಿದ ಕೀಟ ಮಾತ್ರ ಸಾಯುವುದರಿಂದ 7–10 ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು. ಹೂ ಅರಳಿರುವಾಗ ಬೇಡ, ಜೇನುನೊಣ ಬರುವ ಕಾಲವದು.

ಪ್ರಶ್ನೆ: ಶಲ್ಕ ಕೀಟಕ್ಕೆ ಔಷಧ ಹೊಡೆದು ತಿಂಗಳಾದರೂ ಚಿಪ್ಪುಗಳು ಉದುರಿಲ್ಲ. ಮತ್ತೆ ಹೊಡೆಯಬೇಕೇ?

ಉತ್ತರ: ಸತ್ತ ಮೇಲೂ ಚಿಪ್ಪು ಅಂಟಿಕೊಂಡೇ ಇರುತ್ತದೆ. ಹತ್ತಾರು ಚಿಪ್ಪನ್ನು ಸೂಜಿಯಿಂದ ಒತ್ತಿ ನೋಡಿ. ಒಣಗಿ ಪುಡಿಯಾದರೆ ಸತ್ತಿದೆ, ರಸ ಬಂದರೆ ಜೀವಂತ. ಜೀವಂತವಿದ್ದರೂ ಕೂಡಲೇ ಹೊಡೆಯಬೇಡಿ, ಚಿಪ್ಪಿನೊಳಗೆ ಔಷಧ ಇಳಿಯದು. ರೆಂಬೆಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿ. ಅದರ ಮೇಲೆ ಚುಕ್ಕೆಯಷ್ಟು ಸಣ್ಣ ಮರಿಗಳು ಸಿಕ್ಕಿಬಿದ್ದಾಗ ಸಿಂಪಡಿಸಿ, ಆಗ ಅವುಗಳಿಗೆ ಚಿಪ್ಪಿರುವುದಿಲ್ಲ.

ಪ್ರಶ್ನೆ: ಹಿಟ್ಟು ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡ, ಉದ್ದ ಬಿಳಿ ಎಳೆಗಳ ಹುಳು ಓಡಾಡುತ್ತಿದೆ. ಕೊಲ್ಲಬೇಕೇ?

ಉತ್ತರ: ಖಂಡಿತ ಬೇಡ. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ ಇರಬಹುದು, ತಿಗಣೆಗಳನ್ನೂ ಅವುಗಳ ಮೊಟ್ಟೆಯನ್ನೂ ತಿನ್ನುತ್ತದೆ. ತಿಗಣೆಯಂತೆ ಜಡವಾಗಿರದೆ ಚುರುಕಾಗಿ ನಡೆಯುವುದೇ ಗುರುತು. ಅದು ಕಂಡ ಮರಕ್ಕೆ ಕೀಟನಾಶಕ ಹೊಡೆಯಬೇಡಿ.