ಅಮೆರಿಕಾದಲ್ಲೂ ಚೀತಾ ಇತ್ತಾ?

ಪ್ರಶ್ನೆ: ಸರ್, ಕುನೋ ಚೀತಾಗಳ ನ್ಯೂಸ್ ನೋಡ್ತಿದ್ದಾಗ ನನ್ನ ಮಗಳು ‘ಅಪ್ಪಾ, ಹಿಂದೆ ಅಮೆರಿಕಾದಲ್ಲೂ ಚೀತಾ ಇತ್ತಂತೆ’ ಅಂದ್ಲು. ನಿಜಾನಾ? ಇದ್ದಿದ್ರೆ ಅದರ ನೆಂಟರು ಯಾರಾದ್ರೂ ಈಗ ಉಳಿದಿದಾರಾ?
– ಒಬ್ಬ ಓದುಗರು, ಹಾವೇರಿ

ಉತ್ತರ: ಮಗಳು ಹೇಳಿದ್ದು ಸುಳ್ಳಲ್ಲ, ಆದ್ರೆ ಪೂರ್ತಿ ನಿಜಾನೂ ಅಲ್ಲ ಸರ್. ಮಿರಾಸಿನೊನಿಕ್ಸ್ ಅಂತ ಬೆಕ್ಕಿನ ಜಾತಿದೊಂದು ಪ್ರಾಣಿ ಹಿಮಯುಗ ಮುಗಿಯೋ ಟೈಮಿನವರೆಗೂ ಉತ್ತರ ಅಮೆರಿಕಾದಲ್ಲಿ ಇತ್ತು. ಗಿಡ್ಡ ಮುಖ, ಉದ್ದುದ್ದ ಕಾಲು, ಓಡ್ವಾಗ ಉಸಿರು ಸಾಲದೇ ಹೋಗಬಾರ್ದು ಅಂತ ಮೂಗಿನ ದಾರೀನೂ ಅಗಲ, ತಲೆಬುರುಡೆ ನೋಡಿದ್ರೆ ಯಾರಾದ್ರೂ ಚೀತಾನೇ ಅಂತಾರೆ. 1979ರಲ್ಲಿ ಡೇನಿಯಲ್ ಆಡಮ್ಸ್ ಅನ್ನೋ ವಿಜ್ಞಾನಿ ಇನ್ನೂ ಒಂದ್ ಹೆಜ್ಜೆ ಮುಂದೆ ಹೋಗಿ, ಚೀತಾದ ತವರೇ ಅಮೆರಿಕಾ ಇರ್ಬೇಕು ಅಂದ್ಬಿಟ್ರು.

ಆದ್ರೆ 2005ರಲ್ಲಿ ಮಿರಾಸಿನೊನಿಕ್ಸ್‌ನ ಹಳೇ ಮೂಳೆಯಿಂದ ಡಿಎನ್‌ಎ ತೆಗೆದು ನೋಡಿದ್ರೆ ಅದಕ್ಕೆ ತೀರಾ ಹತ್ತಿರದ ನೆಂಟ ಪೂಮಾ, ಅಂದ್ರೆ ಅಮೆರಿಕಾದ ಒಂದು ದೊಡ್ಡ ಕಾಡುಬೆಕ್ಕು! ಚೀತಾ ಕೂಡ ಅದೇ ವಂಶದ್ದೇ, ಆದ್ರೆ ಸ್ವಲ್ಪ ದೂರದ ಸಂಬಂಧ. ಹಾಗಾದ್ರೆ ಆ ಹೋಲಿಕೆ ಎಲ್ಲಿಂದ ಬಂತು ಅಂದ್ರೆ, ಒಂದೇ ಥರ ಬದುಕೋಕೆ ಹೋದ ಎರಡು ಪ್ರಾಣಿ ಬೇರೆಬೇರೆ ಕಡೆ ಇದ್ರೂ ಮೈಕಟ್ಟು ಒಂದೇ ಥರ ಆಗ್ಬಿಡುತ್ತೆ, ಡಾಲ್ಫಿನ್ ಮೀನಿನ ಥರ ಕಾಣಲ್ವಾ, ಹಾಗೆ.

ನಂಗೆ ಮಜಾ ಅನ್ಸೋದು ಪ್ರಾಂಗ್‌ಹಾರ್ನ್ ಕಥೆ. ಜಿಂಕೆ ಥರದ ಈ ಪ್ರಾಣಿ ಅಮೆರಿಕಾದ ಬಯಲಲ್ಲಿ ಈಗ್ಲೂ ಗಂಟೆಗೆ 85 ಕಿ.ಮೀ. ಮೇಲೆ ಓಡುತ್ತೆ, ಅಷ್ಟು ಜೋರಾಗಿ ಓಡ್ಸೋ ತೋಳ ಅಲ್ಲಿ ಒಂದೂ ಇಲ್ಲ. ಜಾನ್ ಬೈಯರ್ಸ್ ಅನ್ನೋ ವಿಜ್ಞಾನಿ ಹೇಳಿದ್ದು, ಇದು ಮಿರಾಸಿನೊನಿಕ್ಸ್ ಥರದ, ಈಗ ಅಳಿದುಹೋಗಿರೋ ಬೇಟೆ ಪ್ರಾಣಿಗಳ ಭಯಕ್ಕೆ ಬಂದಿರೋ ಓಟ ಅಂತ. ಆದ್ರೆ 2022ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಗುಹೆಗಳಲ್ಲಿ ಸಿಕ್ಕ ಮೂಳೆಗಳನ್ನ ಮತ್ತೆ ನೋಡಿದೋರು, ಮಿರಾಸಿನೊನಿಕ್ಸ್ ಬರೀ ಬಯಲಲ್ಲಿ ಓಡ್ತಿರ್ಲಿಲ್ಲ, ಹಿಮಚಿರತೆ ಥರ ಕಡಿದಾದ ಬಂಡೆಗಳಲ್ಲಿ ಕಾಡುಮೇಕೆ ಹಿಡೀತಾನೂ ಇದ್ದಿರ್ಬೇಕು ಅಂದ್ರು. ನನ್ನ ಪ್ರಕಾರ ಎರಡೂ ಸರಿ ಇರ್ಬಹುದು, ನಮ್ಮ ಚಿರತೆ ಕಾಡಲ್ಲೂ ಇರುತ್ತೆ, ಕಬ್ಬಿನ ಗದ್ದೇಲೂ ಇರುತ್ತೆ ಅಲ್ವಾ! (ಅಂದಹಾಗೆ ಚಿರತೆ ಬೇರೆ, ಚೀತಾ ಬೇರೆ. ಚೀತಾಗೆ ಹಳೇ ಕನ್ನಡದೋರು ಸಿವಂಗಿ ಅಂತಿದ್ರು, ಚೆನ್ನಾಗಿದೆ ಹೆಸರು, ಯಾಕೆ ಬಿಟ್ವೋ.)

ಉಳಿದಿರೋ ನೆಂಟರು ಮೂರೇ. ಚೀತಾ, ಪೂಮಾ, ಆಮೇಲೆ ಮುಂಗುಸಿಗೆ ಬೆಕ್ಕಿನ ಮುಖ ಅಂಟಿಸಿದ ಹಾಗಿರೋ ಜಾಗ್ವಾರುಂಡಿ. ಚೀತಾ, ಪೂಮಾ ಎರಡಕ್ಕೂ ಗರ್ಜಿಸೋಕೆ ಬರಲ್ಲ, ಖುಷಿಯಾದ್ರೆ ಮನೆ ಬೆಕ್ಕಿನ ಥರ ಗುರ್ರ್ ಅಂತವೆ. ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮೋರು ಬೆಟ್ಟ ಹತ್ತೋಕೆ ಹೋದಾಗ ‘ಮೌಂಟನ್ ಲಯನ್ ಇದೆ, ಹುಷಾರು’ ಅನ್ನೋ ಬೋರ್ಡ್ ನೋಡಿರ್ತಾರೆ, ಅದು ಪೂಮಾನೇ. ಡಿಎನ್‌ಎ ಪ್ರಕಾರ ಹಿಮಯುಗದ ಕೊನೇಲಿ ಉತ್ತರ ಅಮೆರಿಕಾದ ಪೂಮಾಗಳೂ ಬಹುಶಃ ಅಳಿದುಹೋಗಿದ್ವು, ಈಗಿರೋವು ಆಮೇಲೆ ದಕ್ಷಿಣದಿಂದ ನಡ್ಕೊಂಡು ಬಂದವುಗಳ ಮಕ್ಕಳುಮರಿ.