ಕಂಪ್ಯೂಟರ್ ಪ್ರಶ್ನೋತ್ತರ: ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಕೊಟ್ಟರೆ ಸರಿ?

ಪ್ರಶ್ನೆ: ಆರ್‌ಟಿಎಕ್ಸ್ 5060 ಕಾರ್ಡಿಗೆ ಅಮೆರಿಕದಲ್ಲಿ 299 ಡಾಲರ್. ನಮ್ಮ ಲೆಕ್ಕದಲ್ಲಿ 26 ಸಾವಿರ ಚಿಲ್ಲರೆ. ಬಳ್ಳಾರಿಯ ಅಂಗಡಿಯಲ್ಲಿ ಎರಡು ಫ್ಯಾನಿನದಕ್ಕೆ 32,500, ಮೂರು ಫ್ಯಾನ್ ಮತ್ತು ಬಣ್ಣದ ಲೈಟು ಇರುವುದಕ್ಕೆ 37,500 ಹೇಳುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 31,000ಕ್ಕೆ ಸಿಗುತ್ತದಂತೆ. ಇಲ್ಲಿಯವರು ಸುಲಿಗೆ ಮಾಡುತ್ತಿದ್ದಾರಾ? ನನ್ನ ಹತ್ತಿರ ಐ5-10400, ಎಚ್410 ಬೋರ್ಡು, 1080ಪಿ ಮಾನಿಟರ್ ಇದೆ.
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ಎರಡು ಫ್ಯಾನಿನ ಕಾರ್ಡಿನ ಮಟ್ಟಿಗೆ ಸುಲಿಗೆ ಅಲ್ಲ. ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಅಲ್ಲಿ ಆಯಾ ರಾಜ್ಯದ ಮಾರಾಟ ತೆರಿಗೆಯನ್ನು ಬಿಲ್ಲಿನಲ್ಲಿ ಆಮೇಲೆ ಕೂಡಿಸುತ್ತಾರೆ. ನಮ್ಮ ಅಂಗಡಿಯವರು ಹೇಳುವುದು 18% ಜಿಎಸ್‌ಟಿ ಸೇರಿದ ಬೆಲೆ. ಡಾಲರಿಗೆ 88 ರೂಪಾಯಿ ಎಂದು ಹಿಡಿಯಿರಿ: 299ಕ್ಕೆ 26,312, ಅದರ ಮೇಲೆ ಜಿಎಸ್‌ಟಿ 4,736, ಒಟ್ಟು 31,048. ಉಳಿದ 1,450 ರೂಪಾಯಿಯಲ್ಲಿ ಲಾರಿ ಬಾಡಿಗೆ, ವಿತರಕರ ಪಾಲು, ಅಂಗಡಿಯವರ ಪಾಲು ಎಲ್ಲ ಬರಬೇಕು. ಎಸ್.ಪಿ. ರೋಡಿನ ಬೆಲೆಗೂ ಇಲ್ಲಿಗೂ ಇರುವ 1,500 ರೂಪಾಯಿ ವ್ಯತ್ಯಾಸ ಹೋಗಿಬರುವ ಬಸ್ ಚಾರ್ಜು, ಊಟದಲ್ಲೇ ಮುಗಿಯುತ್ತದೆ. ಎರಡು ವರ್ಷದ ಮೇಲೆ ಕಾರ್ಡು ಕೈಕೊಟ್ಟರೆ ವಾರಂಟಿಗೆ ಕಳಿಸಿ ತರಿಸಿಕೊಡುವವರು ಊರಲ್ಲೇ ಇರುತ್ತಾರೆ ಎಂಬುದಕ್ಕೂ ಒಂದು ಬೆಲೆ ಕಟ್ಟಿ. ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ನಮ್ಮ ತಕರಾರು ಇರುವುದು 37,500ರ ಕಾರ್ಡಿನ ಮೇಲೆ. ಅದರೊಳಗಿನ ಚಿಪ್ಪೂ ಅದೇ, 8 ಜಿಬಿ ಮೆಮೊರಿಯೂ ಅದೇ. ಕಾರ್ಖಾನೆಯಲ್ಲಿ ಕೊಟ್ಟ ಓವರ್‌ಕ್ಲಾಕಿನಿಂದ ನೂರಕ್ಕೆ ಎರಡು ಮೂರು ಫ್ರೇಮ್ ಹೆಚ್ಚು ಬಂದರೆ ಪುಣ್ಯ. 145 ವ್ಯಾಟಿನ ಈ ಚಿಪ್ಪನ್ನು ತಣ್ಣಗಿಡಲು ಎರಡು ಫ್ಯಾನ್ ಧಾರಾಳ. ಆ ಐದು ಸಾವಿರದಲ್ಲಿ ಬೇರೆ ಏನು ಬರುತ್ತದೆ ನೋಡಿ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ 2025ರ ಜೂನಿನಲ್ಲಿ 349 ಡಾಲರ್ ಎಂದು ಬೆಲೆ ಕಟ್ಟಿದ್ದರು. ಮೇಲಿನ ಲೆಕ್ಕದಲ್ಲೇ ಅದು 36,240 ಆಗುತ್ತದೆ. ಒಂದು ಕಡೆ ಬಣ್ಣದ ಲೈಟು, ಇನ್ನೊಂದು ಕಡೆ ಎರಡು ಪಟ್ಟು ಮೆಮೊರಿ.

ನಿಮ್ಮ ಬೋರ್ಡಿಗೆ ಇದು ಇನ್ನೂ ಮುಖ್ಯ. ಎಚ್410 ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡು. ಪಿಸಿಐ ಎಕ್ಸ್‌ಪ್ರೆಸ್ ಎಂದರೆ ಕಾರ್ಡಿಗೂ ಬೋರ್ಡಿಗೂ ನಡುವಿನ ಮಾಹಿತಿಯ ದಾರಿ, ಲೇನ್ ಎಂದರೆ ಅದರ ಒಂದೊಂದು ಪಥ. 5060 ಬಳಸುವುದು ಎಂಟೇ ಲೇನ್, 9060 ಎಕ್ಸ್‌ಟಿ ಪೂರ್ತಿ ಹದಿನಾರು. ಆಟಕ್ಕೆ 8 ಜಿಬಿ ಸಾಲುವಷ್ಟು ಹೊತ್ತು ವ್ಯತ್ಯಾಸ ಕಾಣುವುದಿಲ್ಲ. ಮೆಮೊರಿ ತುಂಬಿತೆಂದರೆ ಕಾರ್ಡು ಬೇಕಾದ ಟೆಕ್ಸ್ಚರನ್ನು ಗಳಿಗೆಗೊಮ್ಮೆ ರ್‍ಯಾಮಿನಿಂದ ಎಳೆದು ತರಬೇಕು. ಹಳೆಯ ಬೋರ್ಡಿನಲ್ಲಿ ಎಂಟು ಲೇನಿನ ದಾರಿ ಆಗ ಕಿರಿದಾಗಿ, ಸರಾಸರಿ ಫ್ರೇಮ್ ಚೆನ್ನಾಗಿದ್ದರೂ ಆಟ ತಡವರಿಸುತ್ತದೆ. ಟೆಕ್ಸ್ಚರ್ ಸೆಟ್ಟಿಂಗನ್ನು ‘ಅಲ್ಟ್ರಾ’ದಿಂದ ‘ಹೈ’ಗೆ ಇಳಿಸಿ ಆಡುವುದಕ್ಕೆ ನೀವು ತಯಾರಿದ್ದರೆ ಎರಡು ಫ್ಯಾನಿನ 5060 ತೆಗೆದುಕೊಳ್ಳಿ. ಐದು ವರ್ಷ ಕಾರ್ಡು ಬದಲಿಸುವುದಿಲ್ಲ ಎನ್ನುವವರಾದರೆ 16 ಜಿಬಿಯದೇ ಸರಿ. ಆದರೆ 2025ರ ಕೊನೆಯಿಂದ ಮೆಮೊರಿ ಚಿಪ್ಪಿನ ಬೆಲೆ ಏರಿದೆ, ಅದರ ಪೆಟ್ಟು 16 ಜಿಬಿ ಕಾರ್ಡುಗಳಿಗೇ ಜಾಸ್ತಿ. ಹೋದ ತಿಂಗಳ ಬೆಲೆ ಇಟ್ಟುಕೊಂಡು ಚೌಕಾಸಿಗೆ ಹೋಗಬೇಡಿ.

ಇಂಟೆಲ್ ಆರ್ಕ್ ಬಿ580 12 ಜಿಬಿ, 249 ಡಾಲರ್ ಎಂದು ಆಸೆ ಹುಟ್ಟಿಸುತ್ತದೆ. ಹೊಸ ಪ್ರೊಸೆಸರ್ ಇದ್ದವರಿಗೆ ಒಳ್ಳೆಯದೇ. ಬಯಾಸ್‌ನಲ್ಲಿ ‘ರೀಸೈಜಬಲ್ ಬಾರ್’ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಸೌಲಭ್ಯ) ಆನ್ ಆಗದಿದ್ದರೆ ಅದು ಕುಂಟುತ್ತದೆ, ಮತ್ತು ಹಳೆಯ ಪ್ರೊಸೆಸರಿನ ಮೇಲೆ ಅದರ ಡ್ರೈವರ್ ಹೊರೆ ಹೆಚ್ಚು. 10400ಗೆ ನಾವು ಹೇಳುವುದಿಲ್ಲ.

ಪ್ರಶ್ನೆ: ರಿಫರ್ಬಿಷ್ಡ್ ಕಚೇರಿ ಪಿಸಿ ಇದೆ, ಸಣ್ಣ ಡಬ್ಬಿ, ಐ5-6500, 8 ಜಿಬಿಯ ಒಂದೇ ರ್‍ಯಾಮ್. ಗೆಳೆಯ ತನ್ನ ಆರ್‌ಟಿಎಕ್ಸ್ 3060ಯನ್ನು 17,000ಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಕರೆಂಟಿನ ಪಿನ್ ಇಲ್ಲದಿದ್ದರೆ ಹಾರ್ಡ್ ಡಿಸ್ಕಿನ ಪಿನ್ನಿನಿಂದ ಕನ್ವರ್ಟರ್ ಹಾಕಿದರಾಯಿತು ಅಂತಾನೆ. ತಗೋಬಹುದಾ?
— ಬಿ.ಕಾಂ. ವಿದ್ಯಾರ್ಥಿ, ಗಂಗಾವತಿ

ಉತ್ತರ: ಬೇಡ, ಕನ್ವರ್ಟರ್ ಅಂತೂ ಬೇಡವೇ ಬೇಡ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ಪಿನ್ನಿನಲ್ಲಿ 12 ವೋಲ್ಟಿನ ಕಡ್ಡಿ ಮೂರೇ, ಒಂದೊಂದಕ್ಕೆ 1.5 ಆಂಪಿಯರ್ ಮಿತಿ. ಒಟ್ಟು 54 ವ್ಯಾಟ್. 3060 ಎಳೆಯುವುದು 170 ವ್ಯಾಟ್. ಸ್ಲಾಟ್ ಕೊಡುವ 75 ಕಳೆದರೂ 95 ವ್ಯಾಟ್ ಆ ಪಿನ್ನಿನಿಂದಲೇ ಬರಬೇಕು. ಮೊದಲು ಪ್ಲಾಸ್ಟಿಕ್ ಹಳದಿಗಟ್ಟುತ್ತದೆ, ಆಮೇಲೆ ಕರಗುತ್ತದೆ.

ಡಬ್ಬಿ ಬಿಚ್ಚಿ ಪವರ್ ಸಪ್ಲೈ ಮೇಲಿನ ಚೀಟಿ ಓದಿ. ಇಂಥ ಪಿಸಿಗಳಲ್ಲಿ ಸಾಮಾನ್ಯವಾಗಿ 180ರಿಂದ 240 ವ್ಯಾಟ್ ಇರುತ್ತದೆ. ಬದಲಿಸೋಣವೆಂದರೆ ಬೋರ್ಡಿಗೆ ಹೋಗುವ ಪ್ಲಗ್ಗು ಎಷ್ಟೋ ಕಂಪನಿಗಳಲ್ಲಿ ಮಾಮೂಲಿ 24 ಪಿನ್ನಿನದಲ್ಲ, ಅಳತೆಯೂ ಬೇರೆ. ಅರ್ಧ ಎತ್ತರದ ಕಾರ್ಡು ಬಿಟ್ಟು ಬೇರೆಯದು ಒಳಗೆ ಹೋಗುವುದೂ ಇಲ್ಲ.

ನಿಮಗೆ ಹೊಂದುವುದು ಆರ್‌ಟಿಎಕ್ಸ್ 3050ಯ 6 ಜಿಬಿ ಮಾದರಿ, ಅದರಲ್ಲೂ ಲೋ ಪ್ರೊಫೈಲ್ ಎಂದು ಬರೆದಿರುವುದು. 70 ವ್ಯಾಟಿನದು, ಸ್ಲಾಟಿನ ಕರೆಂಟೇ ಸಾಕು. ಅದೇ ಹೆಸರಿನ 8 ಜಿಬಿ ಕಾರ್ಡಿಗೆ 130 ವ್ಯಾಟ್ ಬೇಕು, ಬೇರೆ ಪಿನ್ ಬೇಕು. ಹೆಸರೊಂದೇ ಎಂದು ಅದನ್ನು ತಂದು ವಾಪಸ್ ಮಾಡಲು ಓಡಾಡಬೇಡಿ. ಆರ್‌ಎಕ್ಸ್ 6400 ಕೂಡ ಗಾತ್ರಕ್ಕೆ ಹೊಂದುತ್ತದೆ, ಆದರೆ ಅದರಲ್ಲಿ ನಾಲ್ಕೇ ಲೇನ್. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ನಡೆಯುತ್ತದೆ, ನಿಮ್ಮ 3.0 ಬೋರ್ಡಿನಲ್ಲಿ ಎಡದಂಡೆ ಕಾಲುವೆಯ ಕೊನೇ ಭಾಗದ ಹೊಲಕ್ಕೆ ನೀರು ಬಂದ ಹಾಗೆ.

ಅದಕ್ಕೂ ಮೊದಲು ಇನ್ನೊಂದು 8 ಜಿಬಿ ರ್‍ಯಾಮ್ ಜೋಡಿಸಿ, ಎರಡು ಚಾನೆಲ್ ಆಗಲಿ. ಕಾರ್ಡು ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ: ಆಟದ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ ಏರಿದರೆ ಕಾರ್ಡು ದುಡಿಯುತ್ತಿದೆ, ಪ್ರೊಸೆಸರಿನಲ್ಲಿ ಇನ್ನೂ ಉಸಿರಿದೆ. ಅಷ್ಟಕ್ಕಷ್ಟೇ ನಿಂತರೆ ನಾಲ್ಕು ಕೋರಿನ 6500 ಕೈಚೆಲ್ಲಿದೆ, ಇನ್ನು ಎಂಥ ಕಾರ್ಡು ಹಾಕಿದರೂ ದುಡ್ಡು ದಂಡ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆರನೇ ತಲೆಮಾರಿನ ಪ್ರೊಸೆಸರು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಈ ಡಬ್ಬಿಗೆ 17,000 ಸುರಿಯುವಾಗ ಅದೂ ತಲೆಯಲ್ಲಿರಲಿ.

ಪ್ರಶ್ನೆ: ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇವೆ. ಹೊಸ ಮಿರರ್‌ಲೆಸ್ ಕ್ಯಾಮೆರಾದ 4ಕೆ ಫೈಲು ಟೈಮ್‌ಲೈನಿನಲ್ಲಿ ಎಳೆದರೆ ನಿಂತು ನಿಂತು ಹೋಗುತ್ತದೆ. ಐ5-12400ಎಫ್, 16 ಜಿಬಿ ರ್‍ಯಾಮ್, ಆರ್‌ಟಿಎಕ್ಸ್ 3060 12 ಜಿಬಿ ಇದೆ. 4070 ಹಾಕಿಸಿ ಎನ್ನುತ್ತಿದ್ದಾರೆ. ಜಿಎಸ್‌ಟಿ ನಂಬರ್ ಇದೆ.
— ಸ್ಟುಡಿಯೊ ಮಾಲೀಕರು, ಕೊಪ್ಪಳ

ಉತ್ತರ: ದುಡ್ಡು ಬಿಚ್ಚುವ ಮೊದಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲು ತೆರೆದು ‘ಕ್ರೋಮಾ ಸಬ್‌ಸ್ಯಾಂಪ್ಲಿಂಗ್’ ಎಂಬ ಸಾಲು ನೋಡಿ. 4:2:2 ಎಂದೂ, ಬಿಟ್ ಡೆಪ್ತ್ 10 ಎಂದೂ, ಫಾರ್ಮ್ಯಾಟ್ ಎಚ್‌ಇವಿಸಿ ಎಂದೂ ಇದ್ದರೆ ರೋಗ ಸಿಕ್ಕಿತು. 4:2:2 ಎಂದರೆ 4:2:0ಗಿಂತ ಬಣ್ಣದ ವಿವರ ಹೆಚ್ಚು ಉಳಿಸುವ ಬಗೆ, ಎಚ್‌ಇವಿಸಿ ಎಂದರೆ ವಿಡಿಯೊ ಕುಗ್ಗಿಸಿಡುವ ವಿಧಾನ. ಎನ್‌ವಿಡಿಯಾದ 30 ಮತ್ತು 40 ಸರಣಿಯ ಯಾವ ಕಾರ್ಡಿನ ಡಿಕೋಡರಿಗೂ 4:2:2 ಬಿಚ್ಚಲು ಬರುವುದಿಲ್ಲ. 3060ಗೂ ಬರುವುದಿಲ್ಲ, ಅದರ ಹಲವು ಪಟ್ಟು ಬೆಲೆಯ 4090ಗೂ ಬರುವುದಿಲ್ಲ. ಕೆಲಸ ಪೂರ್ತಿ ಪ್ರೊಸೆಸರಿನ ತಲೆಗೆ ಬೀಳುತ್ತದೆ. 4070 ಹಾಕಿಸಿದರೂ ಟೈಮ್‌ಲೈನ್ ಹೀಗೇ ತೊದಲುತ್ತದೆ. ಎನ್‌ವಿಡಿಯಾದಲ್ಲಿ ಈ ಸೌಲಭ್ಯ ಬಂದಿದ್ದು 50 ಸರಣಿಯಲ್ಲಿ.

ಅಗ್ಗದ ಮದ್ದು ಬೇರೆ ಇದೆ. ಇಂಟೆಲಿನ 11ನೇ ತಲೆಮಾರಿನಿಂದ ಈಚೆಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸು ಎಚ್‌ಇವಿಸಿ 4:2:2 ಫೈಲನ್ನು ಸಲೀಸಾಗಿ ಬಿಚ್ಚುತ್ತದೆ. ಆದರೆ ನಿಮ್ಮದು ‘ಎಫ್’ ಮಾದರಿ. ಒಳಗಿನ ಗ್ರಾಫಿಕ್ಸ್ ಇಲ್ಲದ್ದೇ ಎಫ್. ಅದನ್ನು ಮಾರಿ ಎಫ್ ಇಲ್ಲದ 12400 ಹಾಕಿಸಿದರೆ ಕೈಯಿಂದ ಹೋಗುವುದು ಕೆಲವೇ ಸಾವಿರ. ಬಯಾಸ್‌ನಲ್ಲಿ ‘ಐಜಿಪಿಯು ಮಲ್ಟಿ ಮಾನಿಟರ್’ ಆನ್ ಮಾಡಿ. ಕಾರ್ಡು ಕೂರಿಸಿದ ಮೇಲೆ ಬಹಳ ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡುತ್ತವೆ. ಆಮೇಲೆ ಇಂಟೆಲ್ ಡ್ರೈವರ್ ಹಾಕಿ, ಎಡಿಟಿಂಗಿಗೆ ಅಡೋಬಿ ಪ್ರೀಮಿಯರ್ ಬಳಸುವವರಾದರೆ ಅದರ ಮೀಡಿಯಾ ಆಯ್ಕೆಗಳಲ್ಲಿ ಹಾರ್ಡ್‌ವೇರ್ ಡಿಕೋಡಿಂಗಿಗೆ ಇಂಟೆಲ್ ಟಿಕ್ ಆಗಿದೆಯೇ ನೋಡಿ. 3060ಯ 12 ಜಿಬಿ ಎಫೆಕ್ಟ್ಸಿಗೆ, ಎಕ್ಸ್‌ಪೋರ್ಟಿಗೆ ಇರಲಿ. ರ್‍ಯಾಮನ್ನು 32 ಜಿಬಿ ಮಾಡಿ. ಫೈಲು 4:2:0 ಎಂದು ತೋರಿಸಿದರೆ ಮಾತ್ರ ತೊಂದರೆ ಬೇರೆಡೆ ಇದೆ. ಫೈಲು ಹಾರ್ಡ್ ಡಿಸ್ಕಿನಲ್ಲಿದೆಯೋ ಎಸ್‌ಎಸ್‌ಡಿಯಲ್ಲಿದೆಯೋ ಅದನ್ನು ಮೊದಲು ನೋಡಿ.

ತೆರಿಗೆ ವಿಷಯ: ನೀವು ರೆಗ್ಯುಲರ್ ಸ್ಕೀಮಿನಲ್ಲಿದ್ದರೆ 18% ವಾಪಸ್ ಬಂದಂತೆಯೇ, 30,000ದ ಬಿಲ್ಲಿನಲ್ಲಿ 4,576 ರೂಪಾಯಿ ಕ್ರೆಡಿಟ್. ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ ಅದಿಲ್ಲ. ನಿಮ್ಮ ಕಡೆಯವರು ಹೈದರಾಬಾದಿನಿಂದ ಸಾಮಾನು ತರಿಸುವುದುಂಟು. ಆಗ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಮತ್ತು ಐಜಿಎಸ್‌ಟಿ ಎಂದಿರಲಿ. ತೆಲಂಗಾಣದ ಎಸ್‌ಜಿಎಸ್‌ಟಿ ಕಟ್ಟಿದ ಬಿಲ್ಲು ಇಲ್ಲಿ ಕ್ರೆಡಿಟ್ಟಿಗೆ ಬರುವುದಿಲ್ಲ.

ಪ್ರಶ್ನೆ: ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದು ಜಿಟಿ 730 ತೋರಿಸಿದ್ದಾರೆ, 5,000 ರೂಪಾಯಿ. ಜಿಟಿಎಕ್ಸ್ 1650 ಕೂಡ 4 ಜಿಬಿಯೇ ಅಲ್ಲವೇ? ಎರಡೂ ಒಂದೇ ತಾನೆ?
— ಸಿಂಧನೂರು

ಉತ್ತರ: ಅಲ್ಲ. 64 ಬಿಟ್, ಡಿಡಿಆರ್3 ಮೆಮೊರಿಯ ಜಿಟಿ 730 ಸೆಕೆಂಡಿಗೆ ಸಾಗಿಸುವುದು ಸುಮಾರು 14 ಜಿಬಿ. 1650 ಸಾಗಿಸುವುದು 128 ಜಿಬಿ. 4 ಜಿಬಿ ತುಂಬುವಷ್ಟು ಕೆಲಸ ಮಾಡುವ ತಾಕತ್ತೇ ಆ ಚಿಪ್ಪಿಗಿಲ್ಲ. 2014ರ ಈ ಕಾರ್ಡು ಹಳೇ ಪಿಸಿಗೆ ಎರಡನೇ ಮಾನಿಟರ್ ಜೋಡಿಸಲು ಆದೀತು. ಆಟಕ್ಕಾದರೆ ರೈಜೆನ್ 5600ಜಿ ಒಳಗಿನ ಗ್ರಾಫಿಕ್ಸೇ ಇದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಹಳೆಯ ಆರ್‌ಎಕ್ಸ್ 580 8 ಜಿಬಿ 6,500ಕ್ಕೆ, ಜಿಟಿಎಕ್ಸ್ 1660 ಸೂಪರ್ 8,500ಕ್ಕೆ ಸಿಗುತ್ತಿವೆ. ಯಾವುದು? ಏನೇನು ನೋಡಿ ತಗೋಬೇಕು?
— ರಾಯಚೂರು

ಉತ್ತರ: 1660 ಸೂಪರ್. ವೇಗ ಹೆಚ್ಚು, 185 ವ್ಯಾಟಿನ ಬದಲು 125, ಡ್ರೈವರ್ ಅಪ್‌ಡೇಟ್ ಇನ್ನೂ ಬರುತ್ತಿದೆ. ಜಿಟಿಎಕ್ಸ್ 10 ಸರಣಿಗೆ ಆಟದ ಡ್ರೈವರ್ 2025ರ ಅಕ್ಟೋಬರಿಗೇ ನಿಂತಿದೆ, ಹಾಗಾಗಿ 1060, 1070 ಅಗ್ಗಕ್ಕೆ ಸಿಕ್ಕರೂ ಯೋಚಿಸಿ.

580 ಹೆಸರಿನಲ್ಲಿ ಎರಡು ಕಾರ್ಡುಗಳಿವೆ. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ತೆರೆದು ‘ಶೇಡರ್ಸ್’ ನೋಡಿ: 2304 ಇದ್ದರೆ ನಿಜವಾದ 580, 2048 ಇದ್ದರೆ ಅದು ಕೆಲಸದಲ್ಲಿ 570. ಇಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡು ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) 2022ರ ಸೆಪ್ಟೆಂಬರಿನಲ್ಲಿ ನಿಂತ ಮೇಲೆ ಈ ಕಾರ್ಡುಗಳು ಮೂಟೆಗಟ್ಟಲೆ ಮಾರುಕಟ್ಟೆಗೆ ಬಂದವು. ಮೈನಿಂಗಿಗೆ ಬಯಾಸ್ ತಿದ್ದಿದ ಕಾರ್ಡಿನಲ್ಲಿ ಡ್ರೈವರ್ ಸರಿಯಾಗಿ ಕೂರುವುದಿಲ್ಲ. ಮಾರುವವರ ಪಿಸಿಯಲ್ಲೇ ಡ್ರೈವರ್ ತೆಗೆದು ಮತ್ತೆ ಹಾಕಿಸಿ ನೋಡಿ. ಅರ್ಧ ಗಂಟೆ ಭಾರದ ಆಟ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಚೌಕ ಕಂಡರೆ ಮೆಮೊರಿ ಸತ್ತಿದೆ, ಎದ್ದು ಬನ್ನಿ. ತಾಪ 85 ದಾಟಿ ಫ್ಯಾನ್ ಕಿರುಚಿದರೆ ಒಳಗಿನ ಪೇಸ್ಟ್ ಒಣಗಿದೆ, ಅದು ದೊಡ್ಡ ಖರ್ಚಲ್ಲ. 500 ರೂಪಾಯಿ ಇಳಿಸಿಕೊಳ್ಳಿ. ಎಲ್ಲ ಪೋರ್ಟಿಗೂ ಮಾನಿಟರ್ ಚುಚ್ಚಿ ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ಆರ್‌ಟಿಎಕ್ಸ್ 3060 83 ಡಿಗ್ರಿಗೆ ಹೋಗಿ ಫ್ರೇಮ್ ಬೀಳುತ್ತದೆ. 600 ವಿಎ ಯುಪಿಎಸ್ ಕರೆಂಟ್ ಹೋದೊಡನೆ ಪಿಸಿ ಆಫ್ ಮಾಡುತ್ತದೆ. ಕರೆಂಟ್ ಬಿಲ್ಲೂ ಉಳಿಯುತ್ತದೆ ಎಂದು 4060 ತಗೊಂಡರೆ ಹೇಗೆ?
— ತೋರಣಗಲ್ಲು

ಉತ್ತರ: ಬಿಲ್ಲಿನ ಕಾರಣಕ್ಕೆ ಬೇಡ. 170 ವ್ಯಾಟಿನಿಂದ 115ಕ್ಕೆ ಇಳಿದರೆ ಉಳಿಯುವುದು 55. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 6.6 ಯೂನಿಟ್. ಗೃಹಜ್ಯೋತಿ ಮಿತಿಯ ಅಂಚಿನಲ್ಲಿ ನಿಮ್ಮ ಮೀಟರ್ ತೂಗಾಡುತ್ತಿದ್ದರೆ ಮಾತ್ರ ಜೆಸ್ಕಾಂ ಬಿಲ್ಲಿನಲ್ಲಿ ಅದು ಕಂಡೀತು. ವೇಗವೂ ಐದರಲ್ಲಿ ಒಂದು ಪಾಲಿನಷ್ಟೇ ಹೆಚ್ಚು, ಜೊತೆಗೆ ಮೆಮೊರಿ 12ರಿಂದ 8ಕ್ಕೆ ಇಳಿಯುತ್ತದೆ.

ಖರ್ಚಿಲ್ಲದ ದಾರಿ: ಆಫ್ಟರ್‌ಬರ್ನರಿನಲ್ಲಿ (ಕಾರ್ಡಿನ ವೇಗ, ವಿದ್ಯುತ್ ಹೊಂದಿಸುವ ಉಚಿತ ತಂತ್ರಾಂಶ) ಪವರ್ ಲಿಮಿಟನ್ನು 80%ಗೆ ಇಳಿಸಿ. 34 ವ್ಯಾಟ್ ಬಿಸಿ ಕಡಿಮೆಯಾಗುತ್ತದೆ, ಫ್ರೇಮ್ ಹೋಗುವುದು ನೂರಕ್ಕೆ ಐದರ ಆಸುಪಾಸು. ಕೋಣೆಯೇ 40 ಡಿಗ್ರಿ ಇದ್ದಾಗ ಕಾರ್ಡಿನ ತಾಪವೂ ಅಷ್ಟೇ ಮೇಲಿನಿಂದ ಶುರುವಾಗುತ್ತದೆ, ಹಾಗಾಗಿ ಈ ಸೆಟ್ಟಿಂಗ್ ಮಾರ್ಚಿನಿಂದ ಜೂನಿನವರೆಗೆ ಇರಲಿ. ನಿಮ್ಮ ಕಡೆಯ ಕೆಂಪು ಧೂಳಿಗೆ ತಿಂಗಳಿಗೊಮ್ಮೆ ಬ್ಲೋಯರ್ ಹಿಡಿಯಬೇಕು. ಹಿಡಿಯುವಾಗ ಕಾರ್ಡಿನ ಫ್ಯಾನಿಗೆ ಬೆರಳು ಒತ್ತಿಡಿ. ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡು 170, ಪ್ರೊಸೆಸರ್ 100ರ ಸುಮಾರು, ಬೋರ್ಡು, ಡಿಸ್ಕು, ಮಾನಿಟರ್ ಸೇರಿ 75: ಅಲ್ಲಿಗೇ 345. ಹಳೆಯ ಬ್ಯಾಟರಿಗೆ ಅದು ಭಾರ. 1000 ವಿಎ, 600 ವ್ಯಾಟಿನದು ಹಾಕಿಸಿ. ಹೊಸ ಕಾರ್ಡಿಗಿಂತ ಇದೇ ಮೊದಲು ಆಗಬೇಕಾದ ಖರ್ಚು. ಪ್ರಿಂಟರನ್ನು ಯುಪಿಎಸ್‌ನಿಂದ ಹೊರಗಿಡಿ.